ಅಂಪೈರ್ ಮೇಲೆ ಸಿಟ್ಟು: ಬೇಸ್‌ಬಾಲ್‌ನಲ್ಲಿ ಯಾವ ಮಾತಿಗೆ ಯಾರು ಹೊರಗೆ?

ಪ್ರಶ್ನೆ: ನ್ಯೂಜೆರ್ಸಿಗೆ ಬಂದ ಮೇಲೆ ಬೇಸ್‌ಬಾಲ್ ನೋಡುವ ಅಭ್ಯಾಸವಾಗಿದೆ. ಕ್ರಿಕೆಟ್ ನೋಡಿ ಬೆಳೆದವನಿಗೆ ಆಟವೇನೋ ರುಚಿಸುತ್ತದೆ, ಅಂಪೈರ್ ಜತೆಗಿನ ಜಗಳ ಮಾತ್ರ ಅರ್ಥವಾಗುವುದಿಲ್ಲ. ತಂಡ ನಡೆಸುವ ಒಬ್ಬ ಮ್ಯಾನೇಜರ್ ಅಂಪೈರ್ ಮುಖಕ್ಕೆ ಮುಖ ಕೊಟ್ಟು ಎರಡು ನಿಮಿಷ ಕೂಗಾಡಿದರೂ ಏನೂ ಆಗುವುದಿಲ್ಲ. ಇನ್ನೊಬ್ಬ ಆಟಗಾರ ಒಂದೇ ಮಾತು ಗೊಣಗಿದ್ದಕ್ಕೆ ಹೊರಗೆ. ಇದಕ್ಕೆ ನಿಯಮ ಇದೆಯೇ? ಸಿಟ್ಟಾಗುವುದರಿಂದ ತಂಡಕ್ಕೆ ಲಾಭವುಂಟೇ? ಯಂತ್ರ ಬಂದರೆ ಇದೆಲ್ಲ ನಿಲ್ಲುತ್ತದೆಯೇ? ಮಗ ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್) ಆಡುತ್ತಿದ್ದಾನೆ, ಅಲ್ಲಿ ನಾವು ಹೇಗಿರಬೇಕು ಎಂಬುದನ್ನೂ ತಿಳಿಸಿ.

ಉತ್ತರ: ನಿಯಮ ಇದೆ, ಕಾಗದದ ಮೇಲೆ ಬಹಳ ಬಿಗಿಯಾಗಿಯೇ ಇದೆ. ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನ ನಿಯಮ ಪುಸ್ತಕದ 8.02(ಎ) ಪ್ರಕಾರ ಹೊಡೆದ ಚೆಂಡು ಗೆರೆಯೊಳಗಿನ ಫೇರೋ ಹೊರಗಿನ ಫೌಲೋ, ಎಸೆತ ನಿಗದಿತ ವಲಯದೊಳಗಿನ ಸ್ಟ್ರೈಕೋ ಹೊರಗಿನ ಬಾಲೋ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್, ನಾಲ್ಕು ಬಾಲ್‌ಗೆ ಮೊದಲ ಬೇಸ್ ಉಚಿತ), ಓಟಗಾರ ಬೇಸ್ ಎಂಬ ನಿಲ್ದಾಣ ತಲುಪಿ ಸೇಫೋ ಔಟೋ ಎಂಬಂಥ ಕಣ್ಣಳತೆಯ ತೀರ್ಪುಗಳೆಲ್ಲ ಅಂತಿಮ. ಆಟಗಾರ, ಮ್ಯಾನೇಜರ್, ಕೋಚ್ ಯಾರೂ ಅದನ್ನು ಆಕ್ಷೇಪಿಸುವಂತಿಲ್ಲ. ಇದನ್ನು ಅಕ್ಷರಶಃ ಪಾಲಿಸಿದರೆ ಐದನೇ ಇನಿಂಗ್ಸ್ ಹೊತ್ತಿಗೆ ತಂಡಗಳು ಕೂರುವ ಎರಡೂ ಡಗೌಟ್ ಖಾಲಿಯಾದೀತು. ಹಾಗಾಗದಿರುವುದಕ್ಕೆ ಕಾರಣ ಅದರ ಹಿಂದಿನ ಇನ್ನೊಂದು ನಿಯಮ, 8.01(ಡಿ). ಆಕ್ಷೇಪಿಸಿದವರನ್ನೂ ಅನುಚಿತವಾಗಿ ನಡೆದುಕೊಂಡವರನ್ನೂ ಹೊರಗೆ ಕಳಿಸುವ ಅಧಿಕಾರವನ್ನು ಅದು ಪ್ರತಿಯೊಬ್ಬ ಅಂಪೈರ್‌ಗೂ ಕೊಡುತ್ತದೆ, ಕಳಿಸಲೇಬೇಕು ಎನ್ನುವುದಿಲ್ಲ. ಟಿವಿಯಲ್ಲಿ ನೀವು ನೋಡುವ ಜಗಳವೆಲ್ಲ ಈ ಎರಡು ನಿಯಮಗಳ ನಡುವಿನ ಸಂದಿಯಲ್ಲಿ ನಡೆಯುವಂಥದ್ದು.

ಕ್ರಿಕೆಟ್ ಕಣ್ಣಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ತೀರ್ಪಿಗೆ ಅಸಮಾಧಾನ ತೋರಿದರೆ ಅಂಪೈರ್‌ಗಳು ದೂರು ಬರೆಯುತ್ತಾರೆ, ನಮ್ಮ ಜಾವಗಲ್ ಶ್ರೀನಾಥ್ ಅವರಂಥ ಮ್ಯಾಚ್ ರೆಫರಿ ವಿಚಾರಿಸಿ ಪಂದ್ಯ ಶುಲ್ಕದಲ್ಲಿ ಇಷ್ಟು ಪಾಲು ಕಡಿತ, ಇಷ್ಟು ಡಿಮೆರಿಟ್ ಅಂಕ ಎಂದು ನಿರ್ಧರಿಸುತ್ತಾರೆ. ಆಟಗಾರ ಅಷ್ಟರಲ್ಲಿ ಆಡುತ್ತಲೇ ಇರುತ್ತಾನೆ. ಬೇಸ್‌ಬಾಲ್‌ನಲ್ಲಿ ಬೈಸಿಕೊಂಡವನೇ ನ್ಯಾಯಾಧೀಶ, ಶಿಕ್ಷೆಯೂ ಅಲ್ಲೇ, ಆ ಕ್ಷಣವೇ. ಇಷ್ಟು ದೊಡ್ಡ ಅಸ್ತ್ರ ಕೈಯಲ್ಲಿರುವುದರಿಂದಲೇ ಅನುಭವಿ ಅಂಪೈರ್ ಅದನ್ನು ಬೇಗ ತೆಗೆಯುವುದಿಲ್ಲ.

ನೀವು ಕೇಳಿದ ವ್ಯತ್ಯಾಸಕ್ಕೆ ಮೊದಲ ಕಾರಣ, ಜಗಳ ಯಾವ ತೀರ್ಪಿನ ಮೇಲೆ ಎಂಬುದು. ಮೊದಲ ಬೇಸ್‌ನಲ್ಲಿ ಸೇಫೋ ಔಟೋ ಎಂಬ ಬಗ್ಗೆ ಮ್ಯಾನೇಜರ್ ಹೊರಬಂದು ಒಂದಿಷ್ಟು ವಾದಿಸಿದರೆ ರೂಢಿಯಲ್ಲಿ ಸಹಿಸಿಕೊಳ್ಳುತ್ತಾರೆ. ಸ್ಟ್ರೈಕ್-ಬಾಲ್ ವಿಷಯದಲ್ಲಿ ಆ ಸಲಿಗೆ ಇಲ್ಲ. ಅದಕ್ಕಾಗಿ ಫೀಲ್ಡರ್ ತನ್ನ ಜಾಗ ಬಿಟ್ಟು, ಮ್ಯಾನೇಜರ್ ಬೆಂಚ್ ಬಿಟ್ಟು ಹೋಮ್ ಪ್ಲೇಟ್ (ಬ್ಯಾಟರ್ ಪಕ್ಕದ ನೆಲದ ಫಲಕ) ಕಡೆ ಹೊರಟರೆ ಮೊದಲು ಎಚ್ಚರಿಕೆ ಕೊಡಬೇಕು, ಆಮೇಲೂ ಬಂದರೆ ಹೊರಗೆ ಹಾಕಬೇಕು ಎಂದು 8.02(ಎ)ಗೆ ಕೊಟ್ಟ ಟಿಪ್ಪಣಿಯೇ ಹೇಳುತ್ತದೆ. ಕಾರಣ ಶುದ್ಧ ಲೆಕ್ಕಾಚಾರ. ಒಂದು ಪಂದ್ಯದಲ್ಲಿ ಎರಡೂ ಕಡೆ ಸೇರಿ ಮುನ್ನೂರರ ಹತ್ತಿರ ಎಸೆತ. ಅದರಲ್ಲಿ ಸುಮಾರು ಅರ್ಧಕ್ಕೆ ಬ್ಯಾಟರ್ ಬ್ಯಾಟ್ ಬೀಸುವುದಿಲ್ಲ, ಅಷ್ಟಕ್ಕೂ ಪ್ಲೇಟ್ ಹಿಂದೆ ನಿಲ್ಲುವ ಪ್ಲೇಟ್ ಅಂಪೈರ್ ತೀರ್ಪು ಕೊಡಬೇಕು. ಪ್ರತಿಯೊಂದಕ್ಕೂ ಚರ್ಚೆಗೆ ಅವಕಾಶ ಕೊಟ್ಟರೆ ಬೆಳಗಾಗುತ್ತದೆ.

ಸಿಟ್ಟಿಗೆ ಅತಿ ದೊಡ್ಡ ಮೂಲವೂ ಇದೇ. ಮೇಜರ್ ಲೀಗ್ ಪ್ರಕಟಿಸಿದ ಲೆಕ್ಕದಂತೆ ಈಚಿನ ಸೀಸನ್‌ಗಳಲ್ಲಿ ಹೊರಹಾಕಿದ ಪ್ರಸಂಗಗಳ ಪೈಕಿ ಸುಮಾರು 60% ಸ್ಟ್ರೈಕ್-ಬಾಲ್ ಜಗಳದಿಂದ ಹುಟ್ಟಿದವು. ಹೋಮ್ ಪ್ಲೇಟ್ ಅಗಲ 17 ಇಂಚು. ಸ್ಟ್ರೈಕ್ ವಲಯದ ಕೆಳಗಿನ ಗೆರೆ ಮಂಡಿಚಿಪ್ಪಿನ ಕೆಳಗಿನ ಗುಳಿ. ಮೇಲಿನ ಗೆರೆ ಭುಜದ ತುದಿಗೂ ಪ್ಯಾಂಟಿನ ಮೇಲಂಚಿಗೂ ನಡುಮಧ್ಯ. ಚೆಂಡು ಎಸೆಯುವ ಪಿಚರ್ ನಿಲ್ಲುವುದು 60 ಅಡಿ 6 ಇಂಚು ದೂರದಲ್ಲಿ, ಆದರೆ ಮುಂದಕ್ಕೆ ಚಾಚಿ ಕೈ ಬಿಡುವ ಹೊತ್ತಿಗೆ ಉಳಿಯುವುದು 55 ಅಡಿಯಷ್ಟೇ. ಗಂಟೆಗೆ 95 ಮೈಲಿ ವೇಗದ ಚೆಂಡು ಅದನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತದೆ. ಸಾಲದ್ದಕ್ಕೆ ಪ್ಲೇಟ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ತನ್ನ ಗ್ಲವ್ ಅನ್ನು ಮೆಲ್ಲಗೆ ವಲಯದೊಳಕ್ಕೆ ಎಳೆದುಕೊಂಡು ಬಾಲ್ ಅನ್ನು ಸ್ಟ್ರೈಕ್‌ನಂತೆ ತೋರಿಸುತ್ತಾನೆ. ಇದು ಮೋಸ ಅಲ್ಲ, ಫ್ರೇಮಿಂಗ್ ಎಂಬ ಹೆಸರಿನ ಒಪ್ಪಿತ ಕಸುಬು. ಇಷ್ಟರ ನಡುವೆಯೂ ಸುಮಾರು 94% ತೀರ್ಪುಗಳು ಸರಿಯಾಗಿರುತ್ತವೆ. ಕೇಳಲು ಚೆನ್ನಾಗಿದೆ, ಆದರೆ 150 ತೀರ್ಪಿನಲ್ಲಿ 6% ಎಂದರೆ ಒಂಬತ್ತು ತಪ್ಪು. ಆ ಒಂಬತ್ತು ಯಾವಾಗ ಬೀಳುತ್ತವೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಒಂದು ಸ್ಟ್ರೈಕ್ ಒಂದು ಬಾಲ್ ಇದ್ದಾಗಿನ ಎಸೆತವನ್ನು ಗಮನಿಸಿ. ಅದು ಬಾಲ್ ಆದರೆ ಪಿಚರ್ ಹಿಂದೆ ಬೀಳುತ್ತಾನೆ, ಮುಂದಿನ ಚೆಂಡನ್ನು ವಲಯದೊಳಗೇ ಹಾಕುವ ಒತ್ತಡ ಅವನದು. ಸ್ಟ್ರೈಕ್ ಆದರೆ ಬ್ಯಾಟರ್‌ಗೆ ಎರಡು ಸ್ಟ್ರೈಕ್, ಇನ್ನು ಅವನು ಹೊರಗೆ ತಿರುಗುವ ಚೆಂಡಿಗೂ ಬ್ಯಾಟ್ ಬೀಸಬೇಕು. ಔಟಾದ ಎಸೆತದ ಮೇಲೆ ಆಟಗಾರ ಸಿಡಿದದ್ದನ್ನು ಜನ ನೋಡುತ್ತಾರೆ, ಅವನ ತಲೆಯಲ್ಲಿ ಕುದಿಯುತ್ತಿರುವುದು ಎರಡು ಎಸೆತ ಹಿಂದಿನ ತೀರ್ಪು.

ಅಭಿಮಾನಿಗಳಿಗೂ ಒಂದು ಮಾತು. ಟಿವಿ ಪರದೆಯ ಮೇಲಿನ ಚೌಕವನ್ನು ನೋಡಿ ಅಂಪೈರ್‌ಗೆ ಕಣ್ಣಿಲ್ಲ ಎಂದು ಕೂಗುವ ಮುನ್ನ, ಆ ಚೌಕ ಚಪ್ಪಟೆ ಚಿತ್ರ ಎಂಬುದು ನೆನಪಿರಲಿ. ಪುಸ್ತಕದ ವಲಯಕ್ಕೆ ಪ್ಲೇಟ್‌ನಷ್ಟೇ ಆಳವೂ ಇದೆ. ಚೆಂಡಿನ ಅಂಚು ಅದರ ಯಾವ ಭಾಗವನ್ನು ಸವರಿದರೂ ಸ್ಟ್ರೈಕ್. ಮುಂಭಾಗದಲ್ಲಿ ಮೇಲಿದ್ದ ಕರ್ವ್‌ಬಾಲ್ ಹಿಂಭಾಗದಲ್ಲಿ ಇಳಿದು ಮೂಲೆ ಮುಟ್ಟಬಹುದು.

ಇನ್ನು, ಯಾವುದಕ್ಕೆ ಹೊರಗೆ? ಅಂಪೈರ್‌ಗಳ ಕೈಪಿಡಿಯಲ್ಲಿ ಇದಕ್ಕೆ ಮಾನದಂಡಗಳಿವೆ. ಅಂಪೈರ್‌ಗೇ ಗುರಿಯಿಟ್ಟ ಅಶ್ಲೀಲ ಬೈಗುಳ ಅಥವಾ ವೈಯಕ್ತಿಕ ನಿಂದನೆ. ಮೈ ಮುಟ್ಟುವುದು. ಹೇಳಬೇಕಾದ್ದನ್ನು ಹೇಳಿ ಮುಗಿಸಲು ಸಮಯ ಕೊಟ್ಟ ಮೇಲೂ ಎಳೆಯುತ್ತಾ ಹೋಗುವುದು. ಕೈ ಬೀಸಿ, ಕುಣಿದು ಪ್ರೇಕ್ಷಕರಿಗೆ ಕಾಣುವಂತೆ ಆಡುವುದು. ಡಗೌಟ್‌ನಿಂದ ಟವೆಲ್, ಲೋಟ, ಏನನ್ನಾದರೂ ಮೈದಾನಕ್ಕೆ ಎಸೆಯುವುದು. ಅಂಪೈರ್ ಅನ್ನು ಗೇಲಿ ಮಾಡಲೆಂದೇ ಮಾಡುವ ಕೆಲಸ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ, ಎಸೆತ ಎಲ್ಲಿತ್ತು ಎಂದು ಬ್ಯಾಟಿನ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆಯುವುದು. ಗೆರೆ ಎಳೆದವನು ಬಾಯಿ ಬಿಡದಿದ್ದರೂ ಹೊರಗೆ, ಯಾಕೆಂದರೆ ಅದು ಸಾವಿರಾರು ಜನರಿಗೆ ಹೇಳಿದ ಮಾತು. ಹೆಲ್ಮೆಟ್, ಬ್ಯಾಟ್ ಎಸೆದರೆ ಪ್ರಸಂಗದ ತೀವ್ರತೆ ನೋಡಿ ಬರೀ ದಂಡಕ್ಕೆ ಬರೆಯಬಹುದು ಅಥವಾ ಹೊರಗೆ ಕಳಿಸಬಹುದು.

ಆಟದೊಳಗಿನವರು ಇಷ್ಟನ್ನೆಲ್ಲ ಒಂದೇ ಸೂತ್ರಕ್ಕೆ ಇಳಿಸಿಕೊಂಡಿದ್ದಾರೆ: ತೀರ್ಪನ್ನು ಬೈಯಬಹುದು, ಮನುಷ್ಯನನ್ನಲ್ಲ. "ಆ ತೀರ್ಪು ದರಿದ್ರವಾಗಿತ್ತು" ಎಂದರೆ ನಡೆದೀತು. "ನೀನೇ ದರಿದ್ರ" ಎಂದ ಕೂಡಲೇ ಕೈ ಮೇಲೇಳುತ್ತದೆ. ನೀವು ನೋಡಿದ ಎರಡು ನಿಮಿಷದ ಕೂಗಾಟದಲ್ಲಿ ಬಹುಶಃ ಬೈಗುಳಗಳು ಧಾರಾಳವಾಗಿದ್ದವು, ಆದರೆ ಎಲ್ಲವೂ ಎಸೆತದ ಮೇಲೆ, ಆಟದ ಮೇಲೆ, ಅದೃಷ್ಟದ ಮೇಲೆ. ಗೊಣಗಿದವನ ಒಂದು ಮಾತಿನಲ್ಲಿ "ನೀನು" ಇತ್ತು.

ಮಾತು ಎಷ್ಟು ಮುಖ್ಯವೋ ಮುಖ ಯಾವ ಕಡೆ ಎಂಬುದೂ ಅಷ್ಟೇ ಮುಖ್ಯ. ಬಲ್ಲ ಬ್ಯಾಟರ್ ಬಾಕ್ಸ್ ಬಿಡುವುದಿಲ್ಲ, ಹಿಂದೆ ತಿರುಗುವುದಿಲ್ಲ. ನೆಲ ನೋಡುತ್ತಲೋ ಗ್ಲವ್ ಬಿಗಿಮಾಡುತ್ತಲೋ "ಕೆಳಗಿತ್ತಲ್ವಾ?" ಎಂದು ಪ್ರಶ್ನೆಯ ಧಾಟಿಯಲ್ಲಿ ಒಮ್ಮೆ ಕೇಳುತ್ತಾನೆ. ಅಂಪೈರ್ "ಮಂಡಿಯ ಹತ್ತಿರ ಸವರಿತು" ಎಂದರೆ ಅಲ್ಲಿಗೆ ಮುಗಿಯಿತು. ತಿರುಗಿ ದಿಟ್ಟಿಸಿದರೆ ಇಡೀ ಮೈದಾನಕ್ಕೆ ವಿಷಯ ಗೊತ್ತಾಗುತ್ತದೆ, ಅಂಪೈರ್‌ಗೆ ಹಿಂದೆ ಸರಿಯಲು ದಾರಿ ಇರುವುದಿಲ್ಲ. ಪಿಚರ್‌ಗೆ ಈ ಅನುಕೂಲ ಇಲ್ಲ, ಅವನು ಎಲ್ಲರಿಗೂ ಕಾಣುವ ದಿಣ್ಣೆಯ ಮೇಲಿರುತ್ತಾನೆ. ಕೈ ಚೆಲ್ಲಿ ನಿಂತರೆ, ಎರಡು ಹೆಜ್ಜೆ ಪ್ಲೇಟ್ ಕಡೆ ಬಂದರೆ ಅದೇ ಜಗಳ. ಅವನ ಪರವಾಗಿ ಮಾತಾಡುವವನು ಕ್ಯಾಚರ್. ಒಂಬತ್ತು ಇನಿಂಗ್ಸ್ ಅಂಪೈರ್‌ಗೆ ಮೊಳದ ದೂರದಲ್ಲಿ ಕೂತಿರುವವನು ಅವನೇ. ಮುಖ ಪಿಚರ್ ಕಡೆಗೇ ಇಟ್ಟುಕೊಂಡು ಮಾತಾಡುತ್ತಾನೆ. ಕ್ಯಾಚರ್‌ಗೆ ಚೆಂಡು ಬಡಿದಾಗ ಅಂಪೈರ್ ಮುಂದೆ ಬಂದು ಧೂಳೇ ಇಲ್ಲದ ಪ್ಲೇಟನ್ನು ನಿಧಾನವಾಗಿ ಗುಡಿಸುವುದನ್ನು ನೋಡಿರುತ್ತೀರಿ. ಅವನು ಸುಧಾರಿಸಿಕೊಳ್ಳಲಿ ಎಂದು ಸಮಯ ಕೊಡುವ ಉಪಾಯ ಅದು. ಅಂಪೈರ್‌ಗೆ ಬಡಿದಾಗ ಕ್ಯಾಚರ್ ಪಿಚರ್ ಹತ್ತಿರ ಸುಮ್ಮನೆ ನಡೆದುಹೋಗಿ ಆ ಋಣ ತೀರಿಸುತ್ತಾನೆ. ಇಂಥ ಕೊಡುಕೊಳ್ಳುವಿಕೆಯ ಮೇಲೆ ನಿಂತ ಸಂಬಂಧವನ್ನು ಒಬ್ಬ ಬ್ಯಾಟರ್ ಆರನೇ ಇನಿಂಗ್ಸ್‌ನಲ್ಲಿ ಕೆಡಿಸಿದರೆ ತನ್ನದೇ ಕ್ಯಾಚರ್‌ಗೆ ತಲೆನೋವು ತಂದ ಹಾಗೆ.

ಡಗೌಟ್‌ನಿಂದ ಬರುವ ಕೂಗಿಗೆ ಅಂಪೈರ್ ತರಬೇತಿಯಲ್ಲಿ ನಾಲ್ಕು ಮೆಟ್ಟಿಲು ಕಲಿಸುತ್ತಾರೆ: ಕೇಳಿಸದಂತಿರು, ಕೇಳಿಸಿತು ಎಂದು ತೋರಿಸು, ಎಚ್ಚರಿಸು, ಹೊರಗೆ ಕಳಿಸು. ಟಿವಿಯಲ್ಲಿ ಇದನ್ನು ಹಿಡಿಯುವುದು ಸುಲಭ. ಅಂಪೈರ್ ಮುಖವಾಡ ತೆಗೆಯದೆ ಒಮ್ಮೆ ಬೆಂಚ್ ಕಡೆ ನೋಡಿದರೆ ಎರಡನೇ ಮೆಟ್ಟಿಲು. ಅಂಗೈ ಎತ್ತಿ ಸಾಕು ಎಂದರೆ ಮೂರನೆಯದು. ಇಡೀ ಬೆಂಚ್ ಕೂಗುತ್ತಿದ್ದು ಯಾರೆಂದು ಪತ್ತೆಯಾಗದಿದ್ದರೆ, ಎಚ್ಚರಿಕೆಯ ನಂತರ ಬದಲಿ ಆಟಗಾರರೆಲ್ಲರನ್ನೂ ಬೆಂಚಿನಿಂದ ಎಬ್ಬಿಸಿ ಕಳಿಸುವ ಅಧಿಕಾರವೂ 6.04ನೇ ನಿಯಮದಲ್ಲಿದೆ.

ಮೆಟ್ಟಿಲು ಹಾರಿದ ಅಂಪೈರ್‌ಗಳೂ ಇದ್ದಾರೆ. 2024ರ ಏಪ್ರಿಲ್‌ನಲ್ಲಿ ಯಾಂಕೀಸ್ ಮ್ಯಾನೇಜರ್ ಆರನ್ ಬೂನ್ ಪಂದ್ಯದ ಮೊದಲ ಇನಿಂಗ್ಸ್‌ನಲ್ಲೇ, ಮೊದಲ ಬ್ಯಾಟರ್ ಮುಗಿಯುವ ಹೊತ್ತಿಗೇ ಹೊರಗೆ ಹೋದರು. ಬೂನ್‌ಗೆ ಆಗಲೇ ಒಂದು ಎಚ್ಚರಿಕೆ ಸಿಕ್ಕಿತ್ತು ನಿಜ, ಆದರೆ ಅಂಪೈರ್ ಹಂಟರ್ ವೆಂಡೆಲ್‌ಸ್ಟೆಟ್ ಅವರಿಗೆ ಕೇಳಿಸಿದ ಆ ಕೊನೆಯ ಕೂಗು ಡಗೌಟ್ ಹಿಂದೆ ಕೂತ ಪ್ರೇಕ್ಷಕನದು. ಬೂನ್ ಬಾಯಿ ಮುಚ್ಚಿ ನಿಂತದ್ದು ಕ್ಯಾಮೆರಾದಲ್ಲಿ ಸ್ಪಷ್ಟವಾಗಿದೆ. 2007ರ ಸೆಪ್ಟೆಂಬರ್‌ನಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. ಸ್ಯಾನ್ ಡಿಯಾಗೊದ ಮಿಲ್ಟನ್ ಬ್ರ್ಯಾಡ್ಲಿಗೂ ಮೊದಲ ಬೇಸ್ ಅಂಪೈರ್ ಮೈಕ್ ವಿಂಟರ್ಸ್‌ಗೂ ಮಾತು ಬೆಳೆಯಿತು. ಬ್ರ್ಯಾಡ್ಲಿ ನುಗ್ಗಿದ್ದನ್ನು ಮ್ಯಾನೇಜರ್ ಬಡ್ ಬ್ಲ್ಯಾಕ್ ತಡೆದು ತಿರುಗಿಸುವಾಗ ಬ್ರ್ಯಾಡ್ಲಿಯ ಮಂಡಿಯ ಲಿಗಮೆಂಟ್ ಹರಿಯಿತು, ಸೀಸನ್ ಅಲ್ಲಿಗೇ ಮುಗಿಯಿತು. ವಿಚಾರಣೆ ನಡೆಸಿದ ಲೀಗ್, ವಿಂಟರ್ಸ್ ಅವರನ್ನೂ ಉಳಿದ ಸೀಸನ್‌ಗೆ ಅಮಾನತು ಮಾಡಿತು. ಅಂಪೈರ್ ಕಡೆಯಿಂದ ಕೆಣಕುವ ಮಾತು ಬಂದರೆ ಅದಕ್ಕೂ ಬೆಲೆ ಇದೆ, ಆದರೆ ಅದು ಆಮೇಲೆ, ಮುಚ್ಚಿದ ಬಾಗಿಲ ಹಿಂದೆ. ಈ ಅಸಮತೋಲನ ಅಭಿಮಾನಿಗಳನ್ನು ಕೆರಳಿಸುವುದು ನ್ಯಾಯವೇ.

ಮ್ಯಾನೇಜರ್ ಸಿಟ್ಟು ಬೇರೆ ಜಾತಿಯದು. ಬಹುಪಾಲು ಅದು ಲೆಕ್ಕ ಹಾಕಿದ ಸಿಟ್ಟು. ಆಟಗಾರ ಅಂಪೈರ್ ಕಡೆ ಹೆಜ್ಜೆ ಇಟ್ಟ ಕೂಡಲೇ ಮ್ಯಾನೇಜರ್ ಓಡಿ ಬಂದು ನಡುವೆ ನುಗ್ಗಿ, ಅವನನ್ನು ಹಿಂದಕ್ಕೆ ತಳ್ಳಿ, ತಾನೇ ಜಗಳ ಶುರು ಮಾಡುತ್ತಾನೆ. ಹೊರಗೆ ಹೋಗಲೇಬೇಕಾದರೆ ತಾನು ಹೋಗುವುದು ಅಗ್ಗ, ಏಕೆಂದರೆ ಅವನು ಬ್ಯಾಟ್ ಮಾಡುವುದಿಲ್ಲ. ಬೆಂಚ್ ಕೋಚ್ ಜವಾಬ್ದಾರಿ ತೆಗೆದುಕೊಳ್ಳುತ್ತಾನೆ. ಅಟ್ಲಾಂಟಾದ ಬಾಬಿ ಕಾಕ್ಸ್ 2010ರಲ್ಲಿ ನಿವೃತ್ತರಾಗುವ ಹೊತ್ತಿಗೆ 150ಕ್ಕೂ ಹೆಚ್ಚು ಬಾರಿ ಹೊರಹಾಕಿಸಿಕೊಂಡು ದಾಖಲೆ ಮಾಡಿದ್ದರು. ಅವರ ಆಟಗಾರರು ಇದನ್ನು ಕೃತಜ್ಞತೆಯಿಂದಲೇ ನೆನೆಯುತ್ತಾರೆ. ಬಾಲ್ಟಿಮೋರ್‌ನ ಅರ್ಲ್ ವೀವರ್ ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿ ವಾದಕ್ಕೆ ಇಳಿಯುತ್ತಿದ್ದದ್ದು ಹುಚ್ಚಾಟವಲ್ಲ. ಟೋಪಿಯ ಅಂಚು ಅಂಪೈರ್ ಹಣೆಗೆ ತಾಗಿದರೂ ಮೈಮುಟ್ಟಿದ ಲೆಕ್ಕ. ಅಂಚು ಹಿಂದಿದ್ದರೆ ಇನ್ನೂ ಎರಡಂಗುಲ ಹತ್ತಿರ ಹೋಗಬಹುದು.

ಈ ಜಗಳಗಳಲ್ಲಿ ನಿಜಕ್ಕೂ ಏನು ಮಾತಾಡುತ್ತಾರೆ ಎಂಬುದು 2018ರಲ್ಲಿ ಹೊರಬಿದ್ದ ಒಂದು ಧ್ವನಿಮುದ್ರಿತ ವಿಡಿಯೊದಿಂದ ಎಲ್ಲರಿಗೂ ತಿಳಿಯಿತು. ಪ್ರಸಂಗ 2016ರ ಮೇ ತಿಂಗಳದು. ಮೆಟ್ಸ್ ಪಿಚರ್ ನೋವಾ ಸಿಂಡರ್‌ಗಾರ್ಡ್ ಎದುರಾಳಿ ಚೇಸ್ ಅಟ್ಲಿಯ ಬೆನ್ನ ಹಿಂದೆ ಚೆಂಡು ಎಸೆದು ತಕ್ಷಣ ಹೊರಬಿದ್ದ. ಮ್ಯಾನೇಜರ್ ಟೆರ್ರಿ ಕಾಲಿನ್ಸ್ ಕಿಡಿಕಾರುತ್ತಾ ಬಂದರು. ಹೊರಹಾಕಿದ್ದು ಪ್ಲೇಟ್ ಅಂಪೈರ್, ಆದರೆ ಕಾಲಿನ್ಸ್‌ಗೆ ಎದುರಾಗಿ ನಿಂತದ್ದು ಅಂಪೈರ್‌ಗಳ ತಂಡದ ಹಿರಿಯ ಟಾಮ್ ಹ್ಯಾಲಿಯನ್. ಅವರು ಕಾಲಿನ್ಸ್‌ರನ್ನು ಪಕ್ಕಕ್ಕೆ ನಡೆಸಿಕೊಂಡು ಹೋಗಿ, ಬೈಯಲು ಬಿಟ್ಟು, ನಮ್ಮ ಕೈ ಕಟ್ಟಿಹಾಕಿದೆ, ಇಂಥ ಸಂದರ್ಭದಲ್ಲಿ ನಾವು ಏನಾದರೂ ಮಾಡಲೇಬೇಕು ಎಂಬ ಅರ್ಥದಲ್ಲಿ ಸಮಾಧಾನ ಹೇಳಿದರು. ಕಸುಬು ಬಲ್ಲ ಅಂಪೈರ್‌ಗಳ ಪದ್ಧತಿ ಇದೇ: ತೀರ್ಪು ಕೊಟ್ಟವನನ್ನು ಜಗಳದಿಂದ ಬೇರ್ಪಡಿಸಿ, ಮೂರನೆಯವನು ಸಿಟ್ಟನ್ನು ಹೀರಿಕೊಳ್ಳುವುದು.

ಇದರ ಇನ್ನೊಂದು ತುದಿ ಶುದ್ಧ ನಾಟಕ. 2001ರಲ್ಲಿ ಪಿಟ್ಸ್‌ಬರ್ಗ್ ಮ್ಯಾನೇಜರ್ ಲಾಯ್ಡ್ ಮೆಕ್‌ಲೆಂಡನ್ ಮೊದಲ ಬೇಸನ್ನೇ ಕಿತ್ತು ಕಂಕುಳಲ್ಲಿಟ್ಟುಕೊಂಡು ಡಗೌಟ್‌ಗೆ ಹೋದರು. 2007ರಲ್ಲಿ ಕಿರಿಯ ಲೀಗ್‌ನ ಫಿಲಿಪ್ ವೆಲ್‌ಮನ್ ಮೈದಾನದಲ್ಲಿ ಸೈನಿಕನಂತೆ ತೆವಳಿ, ಪಿಚರ್‌ನ ರಾಳದ ಚೀಲವನ್ನು ಗ್ರೆನೇಡ್‌ನಂತೆ ಅಂಪೈರ್ ಕಡೆ ಎಸೆದರು. ನೋಡಲು ಮಜಾ. ತೀರ್ಪಿನ ಕೂದಲೂ ಕೊಂಕಲಿಲ್ಲ.

ವಿಷಯ ಗಂಭೀರವಾಗುವುದು ಮೈಗೆ ಕೈ ಬಿದ್ದಾಗ. 1988ರ ಏಪ್ರಿಲ್ 30ರಂದು ಸಿನ್ಸಿನಾಟಿ ಮ್ಯಾನೇಜರ್ ಪೀಟ್ ರೋಸ್, ಮೊದಲ ಬೇಸ್‌ನ ತಡವಾದ ತೀರ್ಪಿಗೆ ರೇಗಿ ಅಂಪೈರ್ ಡೇವ್ ಪಲೋನ್‌ರನ್ನು ತಳ್ಳಿದರು. ನ್ಯಾಷನಲ್ ಲೀಗ್ ಅಧ್ಯಕ್ಷ ಬಾರ್ಟ್ಲೆಟ್ ಜಿಯಾಮಟ್ಟಿ ಕೊಟ್ಟ ಶಿಕ್ಷೆ 30 ದಿನ ಅಮಾನತು, 10,000 ಡಾಲರ್ ದಂಡ. ಅದಕ್ಕೆ ಹೋಲಿಸಿದರೆ 1996ರ ಸೆಪ್ಟೆಂಬರ್ 27ರ ಪ್ರಕರಣದ ಶಿಕ್ಷೆ ಇಂದಿಗೂ ಅರಗುವುದಿಲ್ಲ. ಬಾಲ್ಟಿಮೋರ್‌ನ ರಾಬರ್ಟೊ ಅಲೋಮರ್ ಮೂರನೇ ಸ್ಟ್ರೈಕ್‌ಗೆ ಜಗಳವಾಡಿ ಅಂಪೈರ್ ಜಾನ್ ಹರ್ಶ್‌ಬೆಕ್ ಮುಖಕ್ಕೆ ಉಗುಳಿದ. ಐದು ಪಂದ್ಯಗಳ ಅಮಾನತು, ಅದೂ ಮುಂದಿನ ಸೀಸನ್ ಆರಂಭಕ್ಕೆ. ಸೀಸನ್ ನಂತರದ ಪ್ಲೇಆಫ್‌ನಲ್ಲಿ ಆಡಿದ ಅಲೋಮರ್ ಕ್ಲೀವ್‌ಲ್ಯಾಂಡ್ ವಿರುದ್ಧದ ನಾಲ್ಕನೇ ಪಂದ್ಯವನ್ನು 12ನೇ ಇನಿಂಗ್ಸ್‌ನ ಹೋಮ್‌ರನ್‌ನಿಂದ ಗೆಲ್ಲಿಸಿದ. ಅಂಪೈರ್‌ಗಳು ಪ್ಲೇಆಫ್ ಬಹಿಷ್ಕರಿಸುವ ಬೆದರಿಕೆ ಹಾಕಿದ್ದರು. 1997ರ ಏಪ್ರಿಲ್‌ನಲ್ಲಿ ಇಬ್ಬರೂ ಮೈದಾನದಲ್ಲೇ ಕೈಕುಲುಕಿದರು, ಆಮೇಲೆ ಸ್ನೇಹಿತರೂ ಆದರು; ಅದು ಅವರಿಬ್ಬರ ದೊಡ್ಡತನ, ಲೀಗ್‌ನದಲ್ಲ.

ಎಸೆದ ವಸ್ತು ತಾಗಿದರೂ ಅಷ್ಟೇ. 2012ರ ಮೇನಲ್ಲಿ ಟೊರಾಂಟೊದ ಬ್ರೆಟ್ ಲೌರಿ ಕೊನೆಯ ಇನಿಂಗ್ಸ್‌ನಲ್ಲಿ ಮೂರು ಬಾಲ್ ಒಂದು ಸ್ಟ್ರೈಕ್ ಇದ್ದಾಗ ಬಂದ ಎಸೆತ ಬಾಲ್ ಎಂದುಕೊಂಡು ಮೊದಲ ಬೇಸ್ ಕಡೆ ಹೊರಟ. ಸ್ಟ್ರೈಕ್ ಎಂದರು. ಮುಂದಿನದಕ್ಕೂ ಹೊರಟ, ಅದೂ ಸ್ಟ್ರೈಕ್, ಔಟ್. ಹೆಲ್ಮೆಟನ್ನು ನೆಲಕ್ಕೆ ಬಡಿದಾಗ ಅದು ಪುಟಿದು ಅಂಪೈರ್ ಬಿಲ್ ಮಿಲ್ಲರ್‌ಗೆ ಬಡಿಯಿತು. ನಾಲ್ಕು ಪಂದ್ಯ ಅಮಾನತು. ತೀರ್ಪು ಕೊಡುವ ಮೊದಲೇ ಬೇಸ್‌ಗೆ ಹೊರಡುವುದು ಅಂಪೈರ್‌ಗಳಿಗೆ ಸೇರದ ಚಟ ಎಂಬುದನ್ನು ಪ್ರತಿ ಕೋಚ್ ಹೇಳಿಕೊಡುತ್ತಾನೆ. ಆ ಎರಡು ಎಸೆತಗಳೂ ಹೊರಗಿದ್ದಂತೆಯೇ ಕಂಡವು ಎಂಬುದು ಬೇರೆ ಮಾತು.

ಹೊರಗೆ ಹಾಕಿದ ಮೇಲೆ ಏನು? ತಕ್ಷಣ ಮೈದಾನ ಬಿಡಬೇಕು. ಕ್ಲಬ್‌ಹೌಸ್‌ನಲ್ಲಿರಬಹುದು, ಇಲ್ಲವೇ ಸಾದಾ ಬಟ್ಟೆ ತೊಟ್ಟು ತನ್ನ ಬೆಂಚಿನಿಂದ ದೂರದ ಗ್ಯಾಲರಿಯಲ್ಲಿ ಕೂರಬಹುದು. 1999ರ ಜೂನ್‌ನಲ್ಲಿ ಮೆಟ್ಸ್ ಮ್ಯಾನೇಜರ್ ಬಾಬಿ ವ್ಯಾಲೆಂಟೈನ್ ಕಪ್ಪು ಕನ್ನಡಕ, ಅಂಟಿಸಿದ ಮೀಸೆಯೊಂದಿಗೆ ಡಗೌಟ್‌ಗೆ ಮರಳಿದರು. ಕ್ಯಾಮೆರಾ ಹಿಡಿಯಿತು; ದಂಡ, ಅಮಾನತು ಎರಡೂ ಬಿದ್ದವು. ಪಂದ್ಯ ಮುಗಿದ 12 ಗಂಟೆಯೊಳಗೆ ಅಂಪೈರ್ ಲೀಗ್‌ಗೆ ವರದಿ ಕೊಡಬೇಕು. ಅಶ್ಲೀಲ ಭಾಷೆ, ಹಲ್ಲೆಯಂಥ ಗಂಭೀರ ಪ್ರಕರಣಕ್ಕೆ ಗಡುವು 4 ಗಂಟೆ. ಆಟಗಾರ ಅಮಾನತನ್ನು ಪ್ರಶ್ನಿಸಿ ಮೇಲ್ಮನವಿ ಹಾಕಿದರೆ ಅದು ಇತ್ಯರ್ಥವಾಗುವ ತನಕ ಆಡಬಹುದು. ಅಲೋಮರ್ ಪ್ಲೇಆಫ್ ಆಡಿದ ದಾರಿ ಅದೇ.

ಲಾಭದ ಪ್ರಶ್ನೆಗೆ ಬರೋಣ. ಮ್ಯಾನೇಜರ್ ಹೊರಬಿದ್ದು ತಂಡ ಎಚ್ಚೆತ್ತಿತು ಎಂಬ ಮಾತನ್ನು ವೀಕ್ಷಕ ವಿವರಣೆಗಾರರು ಧಾರಾಳವಾಗಿ ಹಂಚುತ್ತಾರೆ. ಆಟಗಾರನನ್ನು ಉಳಿಸಿಕೊಳ್ಳುವುದು ಬಿಟ್ಟರೆ ಬೇರೆ ಲಾಭ ಕೈಗೆ ಸಿಗುವಂಥದ್ದಲ್ಲ, ನಷ್ಟ ಮಾತ್ರ ಕಣ್ಣಿಗೆ ರಾಚುತ್ತದೆ. 1985ರ ವರ್ಲ್ಡ್ ಸೀರೀಸ್ (ಏಳು ಪಂದ್ಯಗಳ ಪ್ರಶಸ್ತಿ ಸರಣಿ) ನೋಡಿ. ಸೇಂಟ್ ಲೂಯಿಸ್ 3-2 ಮುಂದಿತ್ತು. ಆರನೇ ಪಂದ್ಯದ ಒಂಬತ್ತನೇ ಇನಿಂಗ್ಸ್‌ನಲ್ಲಿ 1-0 ಮುನ್ನಡೆ ಇದ್ದಾಗ, ಮೊದಲ ಬೇಸ್‌ನಲ್ಲಿ ಸ್ಪಷ್ಟವಾಗಿ ಔಟಾಗಿದ್ದ ಹೋರ್ಹೆ ಓರ್ಟಾನನ್ನು ಅಂಪೈರ್ ಡಾನ್ ಡೆಂಕಿಂಜರ್ ಸೇಫ್ ಎಂದರು. ಕ್ಯಾನ್ಸಸ್ ಸಿಟಿ 2-1 ಗೆದ್ದಿತು. ಅನ್ಯಾಯವೇ. ಆದರೆ ಏಳನೇ ಪಂದ್ಯ ಇನ್ನೂ ಬಾಕಿ ಇತ್ತು, ಪ್ಲೇಟ್ ಹಿಂದೆ ಸರದಿಯಂತೆ ಅದೇ ಡೆಂಕಿಂಜರ್. ಮ್ಯಾನೇಜರ್ ವೈಟಿ ಹರ್ಜಾಗ್ ಮತ್ತು ಪಿಚರ್ ವಾಕಿನ್ ಆಂಡುಹಾರ್ ಇಬ್ಬರೂ ಹೊರಬಿದ್ದರು, ತಂಡ 11-0 ಸೋತಿತು. 1990ರಲ್ಲಿ ಅಮೆರಿಕನ್ ಲೀಗ್ ಅಂತಿಮ ಸರಣಿಯ ನಾಲ್ಕನೇ ಪಂದ್ಯ ಸೋತರೆ ಮನೆಗೆ ಎಂಬ ಸ್ಥಿತಿಯಲ್ಲಿ ಬಾಸ್ಟನ್‌ನ ಶ್ರೇಷ್ಠ ಪಿಚರ್ ರೋಜರ್ ಕ್ಲೆಮೆನ್ಸ್ ಎರಡನೇ ಇನಿಂಗ್ಸ್‌ನಲ್ಲೇ ಬಾಯಿ ಹರಿಬಿಟ್ಟು ಹೊರಗೆ ಹೋದ. ಸೋತರು.

ತಂಡಕ್ಕೆ ಒಳ್ಳೆಯದಾದ ಒಂದು ಪ್ರಸಂಗ ಹುಡುಕಿದರೆ 1917ಕ್ಕೆ ಹೋಗಬೇಕು. ಜೂನ್ 23ರಂದು ಬಾಸ್ಟನ್ ಪಿಚರ್ ಬೇಬ್ ರೂತ್ ಮೊದಲ ಬ್ಯಾಟರ್‌ಗೇ ನಾಲ್ಕು ಬಾಲ್ ಕೊಟ್ಟು, ಅಂಪೈರ್ ಬ್ರಿಕ್ ಓವೆನ್ಸ್ ಜತೆ ಜಗಳಕ್ಕೆ ಬಿದ್ದು ಗುದ್ದಿಯೇಬಿಟ್ಟ. ಬದಲಿಗೆ ಬಂದ ಎರ್ನಿ ಶೋರ್. ಬೇಸ್‌ನಲ್ಲಿದ್ದವನು ಮುಂದಿನ ಬೇಸ್ ಕದಿಯಲು ಹೋಗಿ ಔಟಾದ, ಉಳಿದ 26 ಬ್ಯಾಟರ್‌ಗಳಲ್ಲಿ ಒಬ್ಬನೂ ಬೇಸ್ ತಲುಪಲಿಲ್ಲ. ಇದನ್ನು ತಂತ್ರ ಎಂದು ಶಿಫಾರಸು ಮಾಡಲಾಗದು.

ಈಗ ಯಂತ್ರದ ಮಾತು. ಬೇಸ್‌ಗಳಲ್ಲಿನ ಜಗಳವನ್ನು ಬಹುಮಟ್ಟಿಗೆ ಮುಗಿಸಿದ್ದು 2014ರಲ್ಲಿ ವಿಸ್ತರಿಸಿದ ವಿಡಿಯೊ ಮರುಪರಿಶೀಲನೆ. ಅದಕ್ಕೆ ದಾರಿ ಮಾಡಿದ ತೀರ್ಪುಗಳಲ್ಲಿ 2010ರ ಜೂನ್ 2ರದು ಮುಖ್ಯ: ಡೆಟ್ರಾಯಿಟ್‌ನ ಅರ್ಮಾಂಡೊ ಗಲಾರಾಗಾ 26 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿ, 27ನೆಯವನೂ ಔಟಾಗಿದ್ದಾಗ ಅಂಪೈರ್ ಜಿಮ್ ಜಾಯ್ಸ್ ಸೇಫ್ ಎಂದು ಪರ್ಫೆಕ್ಟ್ ಗೇಮ್ (ಎದುರಾಳಿಯ ಒಬ್ಬನೂ ಬೇಸ್ ತಲುಪದ ಪಂದ್ಯ) ತಪ್ಪಿಸಿದರು. ಗಲಾರಾಗಾ ನಕ್ಕು ಸುಮ್ಮನಾದ, ಜಾಯ್ಸ್ ಅಂದೇ ರಾತ್ರಿ ತಪ್ಪೊಪ್ಪಿಕೊಂಡರು. ಇಂದು ಅಂಥ ತೀರ್ಪಿಗೆ ಮ್ಯಾನೇಜರ್ ಡಗೌಟ್‌ನಿಂದಲೇ ಸನ್ನೆ ಮಾಡಿ ಚಾಲೆಂಜ್ ಹಾಕುತ್ತಾನೆ, ನಿರ್ಧರಿಸಲು 15 ಸೆಕೆಂಡ್. ಮರುಪರಿಶೀಲನೆಯ ಫಲಿತಾಂಶದ ಮೇಲೆ ವಾದಿಸಲು ಹೊರಬಂದರೆ ತಾನಾಗಿಯೇ ಹೊರಗೆ. ಹೊಸ ನಿಯಮಗಳು ಹೊಸ ಜಗಳಗಳನ್ನೂ ತಂದಿವೆ. 2023ರಲ್ಲಿ ಎಸೆತಕ್ಕೆ ಸಮಯ ಮಿತಿ ಹಾಕುವ ಪಿಚ್ ಗಡಿಯಾರ ಬಂತು. ಗಡಿಯಾರದಲ್ಲಿ 8 ಸೆಕೆಂಡ್ ಉಳಿದಿರುವಾಗ ಬ್ಯಾಟರ್ ಸಿದ್ಧನಿರಬೇಕು. ಏಪ್ರಿಲ್ 4ರಂದೇ ಮ್ಯಾನಿ ಮಚಾಡೊ ಹಾಗೆ ಸಿದ್ಧನಿಲ್ಲದೆ ಮೂರನೇ ಸ್ಟ್ರೈಕ್ ಹೊರಿಸಿಕೊಂಡು, ಜಗಳವಾಡಿ, ಗಡಿಯಾರದ ವಿಷಯದಲ್ಲಿ ಹೊರಬಿದ್ದ ಮೊದಲ ಆಟಗಾರನಾದ.

ಸ್ಟ್ರೈಕ್-ಬಾಲ್‌ಗೆ 2026ರ ಸೀಸನ್‌ನಿಂದ ಎಬಿಎಸ್ (ಯಂತ್ರವೇ ಸ್ಟ್ರೈಕ್-ಬಾಲ್ ಅಳೆಯುವ ವ್ಯವಸ್ಥೆ) ಚಾಲೆಂಜ್ ಪದ್ಧತಿಯನ್ನು ಮೇಜರ್ ಲೀಗ್ ಒಪ್ಪಿಕೊಂಡಿದೆ. ಪ್ರತಿ ತಂಡಕ್ಕೆ ಎರಡು ಚಾಲೆಂಜ್, ಗೆದ್ದರೆ ಉಳಿಯುತ್ತದೆ. ಕೇಳಬಹುದಾದವರು ಬ್ಯಾಟರ್, ಪಿಚರ್, ಕ್ಯಾಚರ್ ಮೂವರೇ; ಡಗೌಟ್‌ನ ಸಹಾಯವಿಲ್ಲದೆ ತಕ್ಷಣ ಟೋಪಿ ಅಥವಾ ಹೆಲ್ಮೆಟ್ ತಟ್ಟಬೇಕು. ಇಲ್ಲಿನ ವಲಯ ಪುಸ್ತಕದ್ದಲ್ಲ: ಪ್ಲೇಟಿನ ನಡುವೆ ನಿಲ್ಲಿಸಿದ ಚಪ್ಪಟೆ ಚೌಕ, ಅಗಲ 17 ಇಂಚು, ಮೇಲಿನ ಗೆರೆ ಬ್ಯಾಟರ್ ಎತ್ತರದ 53.5%, ಕೆಳಗಿನದು 27%. ಬೂಟಿಲ್ಲದೆ ಅಳೆದಾಗ 72 ಇಂಚು ಎತ್ತರವಿರುವವನಿಗೆ ಮೇಲೆ ಸುಮಾರು 38.5 ಇಂಚು, ಕೆಳಗೆ 19.4 ಇಂಚು. 2025ರ ವಸಂತಕಾಲದ ಅಭ್ಯಾಸ ಪಂದ್ಯಗಳಲ್ಲಿ ಪ್ರಯೋಗಿಸಿದಾಗ ಚಾಲೆಂಜ್‌ಗಳ ಪೈಕಿ ಅರ್ಧಕ್ಕಿಂತ ತುಸು ಹೆಚ್ಚು ತೀರ್ಪು ಬದಲಾದವು. ಅಂದರೆ ಖಚಿತ ಎಂದುಕೊಂಡು ತಲೆ ತಟ್ಟಿದ ಆಟಗಾರರೇ ಅರ್ಧದಷ್ಟು ಸಲ ತಪ್ಪು. ದಕ್ಷಿಣ ಕೊರಿಯಾದ ಲೀಗ್ 2024ರಿಂದ ಎಲ್ಲ ಎಸೆತಗಳನ್ನೂ ಯಂತ್ರಕ್ಕೇ ಒಪ್ಪಿಸಿದೆ. ಅಮೆರಿಕ ಆರಿಸಿಕೊಂಡ ನಡುದಾರಿಯೇ ನನಗೆ ಮೆಚ್ಚುಗೆ, ಫ್ರೇಮಿಂಗ್ ಕಲೆ ಅದರಲ್ಲಿ ಉಳಿಯುತ್ತದೆ.

ಜಗಳ ಪೂರ್ತಿ ನಿಲ್ಲುವುದಿಲ್ಲ. ಎರಡು ಚಾಲೆಂಜ್ ಮೂರನೇ ಇನಿಂಗ್ಸ್‌ನಲ್ಲೇ ಕಳೆದುಕೊಂಡ ತಂಡ ಒಂಬತ್ತನೆಯದರಲ್ಲಿ ಯಾರ ಮೇಲೆ ರೇಗಬೇಕು? ಅರ್ಧ ಬೀಸಿ ತಡೆದ ಬ್ಯಾಟ್ ಬೀಸಿದ ಲೆಕ್ಕವೇ ಎಂಬುದು ಎಬಿಎಸ್ ವ್ಯಾಪ್ತಿಯಲ್ಲಿಲ್ಲ, ಎಷ್ಟು ಬೀಸಿದರೆ ಬೀಸಿದಂತೆ ಎಂಬ ಅಳತೆ ನಿಯಮ ಪುಸ್ತಕದಲ್ಲೂ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದ ಬ್ರೈಸ್ ಹಾರ್ಪರ್ ಇಂಥದೇ ತೀರ್ಪಿಗೆ ಮೂರನೇ ಬೇಸ್ ಅಂಪೈರ್ ಆಂಹೆಲ್ ಹರ್ನಾಂಡೆಸ್ ಮೇಲೆ ಎರಗಿ ಹೊರಬಿದ್ದು, ಹೋಗುವಾಗ ಹೆಲ್ಮೆಟನ್ನು ಪ್ರೇಕ್ಷಕರ ನಡುವೆ ಎಸೆದ. ಮುಂದಿನ ವರ್ಷಗಳಲ್ಲಿ ಹೆಚ್ಚಿನ ಕಿತ್ತಾಟ ಇಲ್ಲೇ ಕಾಣಿಸೀತು.

ನಿಮ್ಮ ಮಗನ ಆಟಕ್ಕೆ ಬೇಕಾದದ್ದು ಇಷ್ಟು. ಲಿಟಲ್ ಲೀಗ್‌ನಲ್ಲಿ ಹೊರಹಾಕಿದ ಆಟಗಾರ, ಕೋಚ್, ಮ್ಯಾನೇಜರ್ ಯಾರೇ ಆಗಲಿ ಗ್ಯಾಲರಿಯಲ್ಲೂ ಕೂರುವಂತಿಲ್ಲ, ತಂಡದ ಮುಂದಿನ ಪಂದ್ಯಕ್ಕೂ ಅಮಾನತು. ಕಣ್ಣಳತೆಯ ತೀರ್ಪನ್ನು ಯಾರೂ ಪ್ರಶ್ನಿಸುವಂತಿಲ್ಲ. ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದಾರೆ ಅನ್ನಿಸಿದರೆ ಮ್ಯಾನೇಜರ್ ಮಾತ್ರ, ಆಟ ನಿಂತಾಗ, ಟೈಮ್ ಕೇಳಿ ಹೋಗಿ ವಿಚಾರಿಸಬಹುದು. ಓಟಗಾರ ಸೇಫ್ ಆಗಿದ್ದ ಎನ್ನುವುದು ವಾದ. ಫೌಲ್ ಚೆಂಡಿಗೆ ಓಟಗಾರ ಹಿಂದಿನ ಬೇಸ್‌ಗೆ ಮರಳಬೇಕಿತ್ತಲ್ಲವೇ ಎನ್ನುವುದು ನಿಯಮದ ಪ್ರಶ್ನೆ, ಅದಕ್ಕೆ ಉತ್ತರ ಸಿಗಲೇಬೇಕು. ಮಗ ಮೂರನೇ ಸ್ಟ್ರೈಕ್‌ಗೆ ಔಟಾದರೆ ಬ್ಯಾಟನ್ನು ಕೈಯಲ್ಲೇ ಹಿಡಿದು, ಹೆಲ್ಮೆಟ್ ತಲೆಯ ಮೇಲಿರುವಂತೆ ಡಗೌಟ್‌ಗೆ ಬರಲು ಹೇಳಿಕೊಡಿ. ಅವು ನೆಲಕ್ಕೆ ಬಿದ್ದರೆ ಎಸೆದ ಲೆಕ್ಕಕ್ಕೆ ಹೋಗುವ ಅಪಾಯವಿದೆ.

ಪೋಷಕರ ಬಾಯಿಗೆ ನಿಮ್ಮ ರಾಜ್ಯದಲ್ಲೇ ಒಂದು ಮದ್ದು ಕಂಡುಹಿಡಿದಿದ್ದಾರೆ. ನ್ಯೂಜೆರ್ಸಿಯ ಡೆಪ್ಟ್‌ಫರ್ಡ್ ಟೌನ್‌ಶಿಪ್‌ನ ಲಿಟಲ್ ಲೀಗ್‌ನಲ್ಲಿ ಬೈಗುಳ ತಾಳದೆ ಸ್ವಯಂಸೇವಕ ಅಂಪೈರ್‌ಗಳು ಕೆಲಸ ಬಿಟ್ಟ ಮೇಲೆ 2023ರಲ್ಲಿ ಹೊಸ ನಿಯಮ ಬಂತು: ಅಂಪೈರ್ ಅನ್ನು ನಿಂದಿಸಿದ ಪೋಷಕರು ಮೂರು ಪಂದ್ಯಗಳಿಗೆ ತಾವೇ ಅಂಪೈರ್ ಆಗಿ ನಿಲ್ಲಬೇಕು. ಅಲ್ಲಿಯ ತನಕ ಆಟ ನೋಡಲು ಮೈದಾನದ ಹತ್ತಿರವೂ ಸುಳಿಯುವಂತಿಲ್ಲ.